ಪದ್ಮಮ್ಮನವರೂ ಖಾಲಿ ಡಬ್ಬವೂ

ಚಿಂತಾಮಣಿಯ ಪದ್ಮಮ್ಮನವರಿಗೆ ಇದ್ದ ಚಟ ಒಂದೇ, ಕೇಳುವುದು. ಕಾಫಿ ಬಿಟ್ಟು ಒಂದು ದಿನ ಇದ್ದಾರು, ಯಾರನ್ನಾದರೂ ಏನನ್ನಾದರೂ ಕೇಳದೆ ಅರ್ಧ ದಿನ ಇರಲಾರರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳ ಚೀಲದಿಂದ ಕೋಳಿಯ ಕತ್ತು ಹೊರಗೆ ಬಂದಿದ್ದರೆ, ಅದು ಮೊಟ್ಟೆಗೋ ಹರಕೆಗೋ ಎಂದು ತಿಳಿಯುವ ತನಕ ಅವರಿಗೆ ಸಮಾಧಾನವಿಲ್ಲ. ಟೊಮೇಟೊ ಕ್ರೇಟಿನ ತಳಕ್ಕೆ ಕಾಗದ ಯಾಕೆ ಹಾಸುತ್ತಾರೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನ ಗಂಟಲು ಮಧ್ಯಾಹ್ನಕ್ಕೆ ಏನಾಗಿರುತ್ತದೆ, ಎಲ್ಲವೂ ಬೇಕು. ಉತ್ತರ ಸಿಕ್ಕಿತೋ, ಅದನ್ನು ಯಾರ ಮುಂದೆಯೂ ಮೆರೆಸುತ್ತಿರಲಿಲ್ಲ. ತಿಳಿಯಿತಲ್ಲ, ಸಾಕು ಎಂದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದರು.

ಹುಡುಗಿಯಾಗಿದ್ದಾಗ ಈ ಗುಣಕ್ಕೆ ಅಜ್ಜಿ ತಲೆಹರಟೆ ಎಂದು ಹೆಸರಿಟ್ಟಿದ್ದರು. ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯವರು ಹಾಡು ಬರುತ್ತದೆಯೇ ಎಂದು ವಿಚಾರಿಸಿದರೆ, ಈಕೆ ತಗ್ಗಿಸಿದ ತಲೆ ಎತ್ತದೆಯೇ, "ತಾಲ್ಲೂಕು ಆಫೀಸಿನಲ್ಲಿ ಒಂದು ಪಹಣಿ ಕೊಡೋದಕ್ಕೆ ಅಷ್ಟು ದಿನ ಯಾಕೆ ಬೇಕು?" ಎಂದು ಗಂಡನ್ನೇ ಕೇಳಿದರಂತೆ. ಗಂಡು ಅದೇ ಆಫೀಸಿನ ಗುಮಾಸ್ತರು, ಅನಂತರಾಮಯ್ಯ. ಆ ಪ್ರಶ್ನೆಗೆ ಅವರು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ, ಆದರೆ ಮದುವೆಯಾದರು. "ನಿನ್ನ ಕಟ್ಕೊಂಡಾಗಿನಿಂದ ನಾನು ಸಾಕ್ಷಿ ಕಟಕಟೇಲೇ ನಿಂತಿದ್ದೀನಿ ಕಣೇ ಪದ್ಮಾ" ಎನ್ನುವುದು ಅವರ ಮಾಮೂಲು ದೂರು. ದೂರಿನಲ್ಲಿ ಅರ್ಧ ಹೆಮ್ಮೆಯೇ ಇತ್ತು.

ಪದ್ಮಮ್ಮನವರು ಪ್ರಾಥಮಿಕ ಶಾಲೆಯ ಮೇಡಂ ಆಗಿ ಕೆಂಚಾರ್ಲಹಳ್ಳಿ ಸುತ್ತಿನ ಊರುಗಳಲ್ಲೇ ಸವೆದರು. ಮನೆಯಲ್ಲಿ ಕನ್ನಡ, ಶಾಲೆಯ ಅಂಗಳದಲ್ಲಿ ತೆಲುಗು, ಬಸ್ಸಿನಲ್ಲಿ ಎರಡೂ. ಪೆನ್ಸಿಲ್ ಕದ್ದವನು ಯಾರು, ಹೋಂವರ್ಕ್ ಅಕ್ಕನ ಕೈಯಲ್ಲಿ ಬರೆಸಿದವನು ಯಾರು ಎಂದು ಹೊಡೆಯದೆ, ಬೈಯದೆ, ಬರೀ ಕೇಳಿ ಕೇಳಿಯೇ ಹೊರಗೆ ತರುತ್ತಿದ್ದುದರಿಂದ ಮಕ್ಕಳು ಅವರಿಗೆ ‘ಸಿಐಡಿ ಮಿಸ್’ ಎಂದು ಹೆಸರಿಟ್ಟಿದ್ದವು. ಇದು ಕಿವಿಗೆ ಬಿದ್ದ ದಿನ ಅವರು ಮನೆಗೆ ಬಂದು ಗಂಡನಿಗೆ ಹೇಳಿ ಹೇಳಿ ನಕ್ಕಿದ್ದರು. ನಿವೃತ್ತರಾದ ಮೇಲೆ ಆ ಹೆಸರು ಕರೆಯುವವರಿಲ್ಲದೆ ಮನೆ ಬಣಗುಟ್ಟುತ್ತಿತ್ತು.

ಚಿಕ್ಕಬಳ್ಳಾಪುರ ಕೋಲಾರದಿಂದ ಬಿಡಿಸಿಕೊಂಡು ತಾನೇ ಜಿಲ್ಲೆಯಾದ ಮರುವರ್ಷ, ಅವರ ಹಳೆಯ ಶಿಷ್ಯ ಸುಧೀಂದ್ರ ಬೈಕಿನಲ್ಲಿ ಮನೆಗೆ ಬಂದ. ಚಿಕ್ಕಬಳ್ಳಾಪುರದ ಒಂದು ಸೇವಾಸಂಸ್ಥೆಯಲ್ಲಿ ಅವನಿಗೆ ಕೆಲಸ.

"ಮಿಸ್, ನೀವೊಂದು ಮೌಲ್ಯಮಾಪನ ಮಾಡಿಕೊಡಬೇಕು" ಎಂದ.

"ಯಾವ ಸಬ್ಜೆಕ್ಟಪ್ಪ? ಪೇಪರ್ ಮನೆಗೇ ಕೊಡ್ತಾರೋ, ಸೆಂಟರಿಗೆ ಹೋಗ್ಬೇಕೋ?"

ಸುಧೀಂದ್ರ ನಕ್ಕು ವಿವರಿಸಿದ. ಇದು ಪೇಪರ್ ತಿದ್ದುವ ಕೆಲಸವಲ್ಲ. ಶಾಲೆಯಲ್ಲಿ ದೊಡ್ಡ ಮಕ್ಕಳು ಚಿಕ್ಕವರನ್ನು, ಗುಂಪಿನವರು ಒಂಟಿಯವರನ್ನು ಗೋಳು ಹೊಯ್ದುಕೊಳ್ಳುವುದು, ಹೊಡೆಯುವುದು, ಹೀಯಾಳಿಸುವುದು ಇರುತ್ತದಲ್ಲ, ಅದನ್ನು ನಿಲ್ಲಿಸಲೆಂದು ಅವನ ಸಂಸ್ಥೆ ಎರಡು ವರ್ಷದಿಂದ ‘ಜೊತೆಗಾರರು’ ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಪ್ರತಿ ಶಾಲೆಯ ಜಗಲಿಯಲ್ಲಿ ಬೀಗ ಹಾಕಿದ ಒಂದು ಡಬ್ಬ. ನೊಂದ ಮಗು ಚೀಟಿ ಬರೆದು ಅದರೊಳಗೆ ಹಾಕಬೇಕು. ಬೀಗ ತೆಗೆದು ನೋಡಿ ಸರಿಪಡಿಸುವುದಕ್ಕೆ ಊರಿನ ಹಿರಿಯರದೇ ಒಂದು ಸಮಿತಿ. ಶಾಲೆ ಊರಿನದು, ಮಕ್ಕಳೂ ಊರಿನವು, ಹಾಗಾಗಿ ಜವಾಬ್ದಾರಿಯೂ ಊರಿನದಾಗಲಿ ಎಂಬುದು ಯೋಚನೆ. ಒಳ್ಳೆಯ ಯೋಚನೆಯೇ.

"ಎಲ್ಲಾ ಕಡೆ ಚೀಟಿ ಕಮ್ಮಿ ಆಗಿದೆ ಮಿಸ್. ಜಂಗಮಕೋಟೆ ಕಡೆ ಒಂದು ಶಾಲೇಲಂತೂ ಪೂರ್ತಿ ಸೊನ್ನೆ. ಅದನ್ನೇ ಮಾದರಿ ಅಂತ ತೋರಿಸಿ ಗೌರಿಬಿದನೂರು ತಾಲ್ಲೂಕಿಗೂ ತಗೊಂಡು ಹೋಗಣ ಅಂತಿದ್ದೀವಿ. ನೀವು ಹೋಗಿ ನೋಡಿ, ಸರಿಯಾಗಿದೆ ಅಂತ ಬರೆದುಕೊಟ್ರೆ ಆಯ್ತು."

"ಸೊನ್ನೆ ಅಂದ್ರೆ ಗೋಳು ಹುಯ್ಕೊಳ್ಳೋರು ಇಲ್ಲ ಅಂತಲೋ, ಬರೆಯೋರು ಇಲ್ಲ ಅಂತಲೋ?"

ಸುಧೀಂದ್ರ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಅದ್ದಿದ ಹಾಗೇ ಇತ್ತು. "ಎರಡೂ ಒಂದೇ ಅಲ್ವಾ ಮಿಸ್?"

"ನಂಗೂ ಗೊತ್ತಿಲ್ಲಪ್ಪ. ಅದಕ್ಕೇ ಕೇಳ್ದೆ."

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

ಆ ಊರಿನ ಹೆಸರು ಹೇಳದಿದ್ದರೇ ವಾಸಿ, ಅಲ್ಲಿನವರು ಈಗಲೂ ಎರಡು ಹೊತ್ತು ಡೈರಿಗೆ ಹಾಲು ಹಾಕಿಕೊಂಡು ಸುಖವಾಗಿದ್ದಾರೆ. ಜಂಗಮಕೋಟೆಯಲ್ಲಿ ಬಸ್ಸಿಳಿದು ಆಟೋದಲ್ಲಿ ಒಳಗೆ ಹೋಗಬೇಕು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟ, ಮನೆಮನೆಗೂ ರೇಷ್ಮೆ ಹುಳ, ಮನೆಮನೆಗೂ ಹಸು. ಹೆಡ್‌ಮಾಸ್ಟರ್ ವೆಂಕಟರವಣಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಡಬ್ಬ ತೋರಿಸಿದರು. ನೀಲಿ ಬಣ್ಣ, ಮೇಲೆ ಕೈ ಕೈ ಹಿಡಿದ ಎರಡು ಮಕ್ಕಳ ಚಿತ್ರ. ಚೀಟಿ ಹಾಕುವ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು.

"ಬೀಗದ ಕೈ ಯಾರ ಹತ್ರ ಇರುತ್ತೆ ಸಾರ್?"

"ಸಮಿತಿ ಅಧ್ಯಕ್ಷರ ಹತ್ರ ಮೇಡಂ, ಡೈರಿ ಸೆಕ್ರೆಟ್ರಿ ಗಂಗುಲಪ್ಪನೋರು. ಭಾಳ ಮುತುವರ್ಜಿ ಅವ್ರಿಗೆ."

ಏಳನೇ ತರಗತಿಯ ಮಕ್ಕಳು ಎದ್ದು ನಿಂತು, ಕೆಟ್ಟ ಮಾತು ಆಡೆವು, ಯಾರ ಮೇಲೂ ಕೈ ಎತ್ತೆವು ಎಂದು ಪ್ರತಿಜ್ಞೆ ಒಪ್ಪಿಸಿದರು. ನಿಮ್ಮನ್ನು ಯಾರಾದರೂ ಗೋಳಾಡಿಸುತ್ತಾರಾ ಎಂದು ಪದ್ಮಮ್ಮ ಕೇಳಿದರೆ, "ಯಾರೂ ಇಲ್ಲಾ ಮಿಸ್" ಎಂದು ಒಂದೇ ರಾಗ. ಹುಡುಗಿಯರ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಅಕ್ಕಪಕ್ಕದವರು ಸರಿದು ಕೂರದೆ ಅದನ್ನು ಹಾಗೇ ಬಿಟ್ಟಿದ್ದರು. ಇದು ಯಾರ ಜಾಗ ಎಂದು ಅವರು ಕೇಳಿದ್ದೇ ತಡ, ಹಿಂದಿನ ಸಾಲಿನ ಮುನೇಶ ಎಂಬ ಹುಡುಗ ಪೆನ್ಸಿಲನ್ನು ಎರಡು ಬೆರಳಲ್ಲಿ ಹಿಡಿದು, ಕಾಣದ ಪಾತ್ರೆಯೊಳಗೆ ಇಳಿಸುವವನ ಹಾಗೆ ಮೆಲ್ಲಗೆ ಕೆಳಗಿಳಿಸಿದ. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ. ತರಗತಿ ಕಿಸಕ್ಕೆಂದಿತು. ಹೆಡ್‌ಮಾಸ್ಟರ್ ತಿರುಗುವುದರೊಳಗೆ ಪೆನ್ಸಿಲ್ ಡೆಸ್ಕಿನ ಮೇಲಿತ್ತು.

"ಅದೇನಪ್ಪ ಅದು?"

"ಏನಿಲ್ಲ ಮಿಸ್."

ಕೆಟ್ಟ ಮಾತು ಆಡಿರಲಿಲ್ಲ, ಕೈಯನ್ನೂ ಎತ್ತಿರಲಿಲ್ಲ. ಪ್ರತಿಜ್ಞೆಗೆ ಎಲ್ಲಿಯೂ ಭಂಗವಿಲ್ಲ. ಪದ್ಮಮ್ಮನವರಿಗೆ ಮೈಯೆಲ್ಲಾ ಕಣ್ಣಾಯಿತು.

ಖಾಲಿ ಜಾಗ ತನುಶ್ರೀ ಎಂಬ ಹುಡುಗಿಯದು. ತಿಂಗಳ ಮೇಲಾಯಿತು ಅವಳು ಬಂದು ಎಂದರು ವೆಂಕಟರವಣಪ್ಪ. "ಅವರ ಮನೇಲಿ ಹುಳ ನಾಲ್ಕನೇ ಜ್ವರದಲ್ಲಿದೆ ಮೇಡಂ, ಸೊಪ್ಪು ಕೀಳೋಕೆ ಇಟ್ಕೊಂಡಿರ್ತಾರೆ. ಈ ಕಡೆ ಇದೆಲ್ಲಾ ಇದ್ದಿದ್ದೇ." ಹೌದು, ಈ ಕಡೆ ಇದೆಲ್ಲಾ ಇದ್ದಿದ್ದೇ. ಆದರೆ ರೇಷ್ಮೆ ಹುಳ ಮೊಟ್ಟೆಯೊಡೆದು, ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಗೂಡು ಕಟ್ಟಿ ಮುಗಿಸಲು ತಿಂಗಳು ಸಾಕು. ತಿಂಗಳಾದರೂ ನಾಲ್ಕನೇ ಜ್ವರದಿಂದ ಏಳದ ಹುಳ ಅದೆಂಥದ್ದು ಎಂದು ಪದ್ಮಮ್ಮ ಹುಡುಗಿಯ ಮನೆ ಹುಡುಕಿಕೊಂಡು ಹೊರಟರು.

ಮನೆಯ ಗೋಡೆಗೆ ಒರಗಿಸಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಒಣಗಲು ಹಾಕಿದ್ದರು. ಅಂದರೆ ಬೆಳೆ ಮುಗಿದು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಯೂ ಆಗಿದೆ. ತಾಯಿ ಮಂಗಮ್ಮ ಹೊಸಿಲಿನಲ್ಲೇ ಕೂರಿಸಿ ನೀರು ಕೊಟ್ಟಳು.

"ಹುಳ ಮುಗ್ದು ಆಗ್ಲೇ ವಾರ ಆಯ್ತು ಕಣಮ್ಮ. ಇವಳೇ ಸ್ಕೂಲಿಗೆ ಹೋಗಲ್ಲ ಅಂತಾಳೆ. ಏಂಟೇ ಅಂತ ಕೇಳಿದ್ರೆ ಬಾಯೇ ಬಿಡಲ್ಲ. ಡೈರಿಗೆ ಹಾಲು ಇವಳೇ ಹಾಕಿ ಬರ್ತಿದ್ಲು, ಈಗ ಅದಕ್ಕೂ ಹೋಗಲ್ಲ. ಮನೇಲಿ ಸುಮ್ನೆ ಕೂರಿಸ್ಕೊಂಡು ಏನ್ ಮಾಡ್ಲಿ? ಬರೋ ಸೋಮವಾರ ಶಿಡ್ಲಘಟ್ಟಕ್ಕೆ ನಮ್ಮಣ್ಣನ ಮನೆಗೆ ಕಳಿಸ್ತೀನಿ. ಅಲ್ಲಿ ನೂಲು ತೆಗೆಯೋ ಕಡೆ ಕೆಲ್ಸ ಐತಂತೆ."

ನೂಲು ತೆಗೆಯುವ ಕಡೆ ಎಂದರೆ ಕುದಿಯುವ ನೀರಿನಲ್ಲಿ ಗೂಡು, ಆ ಗೂಡಿನ ಮೇಲೆ ಮಕ್ಕಳ ಬೆರಳು. ಅಲ್ಲಿಗೆ ಹೋಗಿ ಮರಳಿ ಪುಸ್ತಕ ಹಿಡಿದ ಹುಡುಗಿಯನ್ನು ಪದ್ಮಮ್ಮ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಸಂಸ್ಥೆಗೆ ಬರೆದುಕೊಡುವುದು ಏನಾದರೂ ಆಗಲಿ, ಸೋಮವಾರದೊಳಗೆ ಈ ಹುಡುಗಿ ಆ ಖಾಲಿ ಜಾಗಕ್ಕೆ ಬಂದು ಕೂರಬೇಕು ಎಂದು ಅವರಿಗೆ ಅನ್ನಿಸಿಬಿಟ್ಟಿತು.

ತನುಶ್ರೀ ತೋಟದ ಬದುವಿನ ಮೇಲೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು. ಎರಡು ಜಡೆ, ಅಪ್ಪನ ಹಳೇ ಷರಟು. ಪದ್ಮಮ್ಮ ಬದುವಿನ ಮೇಲೆಯೇ ಕೂತು, ಸೊಪ್ಪನ್ನು ಬೆಳಿಗ್ಗೆಯೇ ಯಾಕೆ ಕೀಳುತ್ತಾರೆ, ಮಳೆಯಲ್ಲಿ ನೆಂದ ಸೊಪ್ಪು ಕೊಟ್ಟರೆ ಹುಳಕ್ಕೆ ಏನಾಗುತ್ತದೆ ಎಂದೆಲ್ಲಾ ಕೇಳಿದರು. ಹುಡುಗಿ ಮೊದಲು ಒಂದೊಂದೇ ಮಾತು, ಆಮೇಲೆ ನಾಲ್ಕಾರು ಮಾತು ಆಡಿದಳು. "ನಿಮ್ಮನ್ನ ಸಿಐಡಿ ಮಿಸ್ ಅಂತಿದ್ರಂತೆ? ನಮ್ಮತ್ತೆ ನಿಮ್ಮ ಹತ್ರ ಓದಿದ್ಲಂತೆ" ಎಂದು ನಕ್ಕಳು ಕೂಡ. ಆಗ ಪದ್ಮಮ್ಮ, ಚಟ ಹಿಡಿದವರು ನೋಡಿ, ತಡೆಯಲಾರದೆ ಒಂದು ಹುಲ್ಲುಕಡ್ಡಿಯನ್ನು ಗಾಳಿಯಲ್ಲಿ ಇಳಿಸಿ, "ಹಿಂಗೆ ಮಾಡಿದ್ರೆ ಏನಮ್ಮ ಅರ್ಥ?" ಎಂದುಬಿಟ್ಟರು.

ನಗು ಅಲ್ಲೇ ಸತ್ತುಹೋಯಿತು. ಹುಡುಗಿ ಎದ್ದಳು, ಅರ್ಧವಾಗಿದ್ದ ಹುಲ್ಲಿನ ಹೊರೆಯನ್ನು ತಲೆಗೇರಿಸಿಕೊಂಡಳು, ಹೊರಟುಹೋದಳು. ಪದ್ಮಮ್ಮ ಕೈಯಲ್ಲಿನ ಕಡ್ಡಿಯನ್ನೇ ನೋಡುತ್ತಾ ಕೂತರು. ಇಷ್ಟು ವರ್ಷ ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಕೆಟ್ಟದಾಗಿ ಕೇಳಿದ್ದು ಇನ್ನೊಂದಿರಲಿಲ್ಲ.

ಸಂಜೆ ಅವರು ಮಂಗಮ್ಮನ ಜೊತೆ ಡೈರಿಗೆ ಹೋದರು. ಆ ಕಡೆಯ ಊರುಗಳಲ್ಲಿ ಡೈರಿ ಎಂದರೆ ಬರೀ ಹಾಲು ಅಳೆಯುವ ಜಾಗವಲ್ಲ. ಬೆಳಿಗ್ಗೆ, ಸಂಜೆ ಊರಿಗೆ ಊರೇ ಕ್ಯಾನು ಹಿಡಿದು ಸಾಲಾಗಿ ನಿಲ್ಲುವುದರಿಂದ ಮದುವೆ ಮಾತು, ಜಮೀನಿನ ತಕರಾರು, ಎಲೆಕ್ಷನ್ನು ಎಲ್ಲವೂ ಅಲ್ಲೇ ನಡೆಯುತ್ತದೆ. ಮೇಜಿನ ಹಿಂದೆ ಗಂಗುಲಪ್ಪ, ದುಂಡು ಮುಖ, ಜೇಬಿನಲ್ಲಿ ಪೆನ್ನು. ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಬಗ್ಗಿ ಡಿಗ್ರಿ ನೋಡುತ್ತಿದ್ದ. ಹಾಲಿಗೆ ನೀರು ಬೆರೆಸಿದ್ದರೆ ಕೊಳವೆ ಮುಳುಗಿ ಡಿಗ್ರಿ ಇಳಿಯುತ್ತದೆ. ಪೆನ್ಸಿಲಿನ ಅರ್ಥ ಪದ್ಮಮ್ಮನವರಿಗೆ ಆಗಲೇ ಹೊಳೆಯಿತು.

ಗಂಗುಲಪ್ಪ ಸಾಲಿನಲ್ಲಿ ನಿಂತ ಯಾರನ್ನೂ ಬಿಡದೆ ಚುಡಾಯಿಸುತ್ತಿದ್ದ. ಮುದುಕ ಆವಲಪ್ಪನಿಗೆ, "ಬಾರಪ್ಪ ಹೊಸ ಮದುವಣಿಗ" ಎಂದ. ದಪ್ಪಗಿದ್ದವಳಿಗೆ, "ಹಸೂಗೂ ಸ್ವಲ್ಪ ಹಾಕಮ್ಮ, ಎಲ್ಲಾ ನೀನೇ ತಿನ್ಬೇಡ" ಎಂದ. ಸಾಲು ನಗುತ್ತಿತ್ತು. ಪದ್ಮಮ್ಮನವರಿಗೂ ನಗು ಬಂತು, ಯಾಕೆ ಸುಳ್ಳು ಹೇಳಬೇಕು. ಗಂಗುಲಪ್ಪ ಅವರಿಗೆ ಕುರ್ಚಿ ಹಾಕಿಸಿ, ಟೀ ತರಿಸಿದ. ಅವರು ಡಬ್ಬದ ವಿಷಯ ಕೇಳಿದ್ದೇ ಅವನ ಉತ್ಸಾಹ ಉಕ್ಕಿತು.

"ಮೊದಮೊದ್ಲು ಕಂತೆ ಕಂತೆ ಚೀಟಿ ಬರ್ತಿತ್ತು ಮೇಡಂ. ಸಮಿತಿ ಮೀಟಿಂಗು ಅಂತ ಕರೆದ್ರೆ ಯಾರ್ ಬರ್ತಾರೆ? ಇಲ್ಲಾದ್ರೆ ಊರೇ ನಿಂತಿರುತ್ತೆ. ಅದಕ್ಕೆ ನಾನು ಡಬ್ಬ ತೆಗೆದು ಇಲ್ಲೇ ಗಟ್ಟಿಯಾಗಿ ಓದಿಬಿಡ್ತಿದ್ದೆ. ಯಾರು ಯಾರ ಜಡೆ ಎಳೆದ್ರು, ಯಾರು ಯಾರ ಚಡ್ಡಿ ಹರಿದ್ರು, ನ್ಯಾಯಾನೂ ಇಲ್ಲೇ ತೀರ್ಪೂ ಇಲ್ಲೇ."

"ಮಕ್ಕಳ ಹೆಸರು ಸಮೇತ ಓದ್ತಿದ್ರಾ?"

"ಹೆಸರಿಲ್ದೆ ನ್ಯಾಯ ಹೆಂಗೆ ಮೇಡಂ? ಮಜಾ ಕೇಳಿ, ಒಂದ್ಸಲ ಈ ಮಂಗಮ್ಮನ ಮಗಳು ನನ್ನ ಮೇಲೇ ಬರೆದಿದ್ಲು! ಯಾವತ್ತೋ ಅವಳ ಹಾಲು ನೀರಾಗಿತ್ತು. ಅವತ್ತಿಂದ ಅವಳು ಬಂದಾಗೆಲ್ಲಾ ನಾನು ತಮಾಷೆಗೆ ಪೆನ್ನು ತೆಗೆದು ಹಿಂಗೆ ಇಳಿಸಿ ನೋಡ್ತಿದ್ದೆ. ‘ಡೈರಿ ಗಂಗುಲಣ್ಣ ಪೆನ್ನು ಹಾಕಿ ನೋಡ್ತಾರೆ, ಸ್ಕೂಲಲ್ಲಿ ಎಲ್ಲಾ ಹಂಗೇ ಮಾಡ್ತಾರೆ, ನಂಗೆ ಅಳು ಬರುತ್ತೆ’ ಅಂತ ಬರೆದಿದ್ಲು. ಓದ್ದೆ ನೋಡಿ, ಹೊಟ್ಟೆ ಹುಣ್ಣಾಗೋ ಹಂಗೆ ಎಲ್ಲಾ ನಕ್ವಿ. ಆಮೇಲೆ ಚೀಟೀನೇ ಬಂದಿಲ್ಲ ಮೇಡಂ, ಅಷ್ಟು ಸುಧಾರಿಸಿಬಿಟ್ಟಿದ್ದಾರೆ ಮಕ್ಕಳು!"

ಸಾಲಿನಲ್ಲಿ ನಿಂತಿದ್ದ ಮಂಗಮ್ಮ ತಲೆ ತಗ್ಗಿಸಿ ಕ್ಯಾನಿನ ಮುಚ್ಚಳ ಒರೆಸುತ್ತಿದ್ದಳು. ಅವತ್ತು ಅವಳು ಡೈರಿಯಲ್ಲಿರಲಿಲ್ಲ, ಮಗಳ ಚೀಟಿಯ ವಿಷಯ ಅವಳಿಗೆ ಇದೇ ಮೊದಲು ಗೊತ್ತಾದದ್ದು. ಪದ್ಮಮ್ಮ ಟೀ ಲೋಟವನ್ನು ಮೇಜಿನ ಮೇಲಿಟ್ಟು ಎದ್ದರು.

ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಸುರಿದರು. ಅನಂತರಾಮಯ್ಯ ಪೇಪರ್ ಮಡಿಸಿಟ್ಟು, "ಇದರಲ್ಲಿ ಯೋಚನೆ ಏನಿದೆ? ಗಂಗುಲಪ್ಪನದೇ ತಪ್ಪು ಅಂತ ಬರಿ" ಎಂದರು.

"ಅವನು ಕೆಟ್ಟೋನಲ್ಲ ಕಣ್ರೀ. ನನಗೆ ಅರ್ಥ ಆಗದೇ ಇರೋದು ಬೇರೆ. ನನಗೂ ಮಕ್ಕಳು ಹೆಸರಿಟ್ಟಿದ್ರು. ನಾನು ಸಿಐಡಿ ಮಿಸ್ ಅಂತ ಖುಷಿ ಪಟ್ಟೆ. ಈ ಮಗು ಸ್ಕೂಲೇ ಬಿಡ್ತು. ಎರಡೂ ತಮಾಷೆನೇ ಅಲ್ವಾ?"

"ನೀನು ಮಿಸ್ಸು ಕಣೇ. ಸಾಕು ನಿಲ್ಸಿ ಅಂದಿದ್ರೆ ಮಾರನೇ ದಿನಾನೇ ನಿಲ್ಸೋರು. ಆ ಮಗು ನಿಲ್ಸಿ ಅಂತ ಬರೆದೇ ಕೊಡ್ತಲ್ಲ, ನಿಲ್ಲಿಸಿದ್ರಾ?"

ಕಟಕಟೆಯಲ್ಲಿ ನಿಂತ ಸಾಕ್ಷಿ ಒಮ್ಮೊಮ್ಮೆ ಇಂಥ ಮಾತು ಹೇಳಿಬಿಡುತ್ತಾನೆ. ಪದ್ಮಮ್ಮ ಆ ರಾತ್ರಿ ಮತ್ತೇನೂ ಕೇಳಲಿಲ್ಲ.

ಶನಿವಾರ ಸುಧೀಂದ್ರನನ್ನೂ ಕರೆದುಕೊಂಡು ಮತ್ತೆ ಹೋದರು. ಅವನನ್ನು ಡೈರಿಯ ಹತ್ತಿರ ನಿಲ್ಲಿಸಿ, ತಾವು ಮಂಗಮ್ಮನ ಮನೆಗೆ ನಡೆದರು. ಮಂಗಮ್ಮ ಹಸುವಿನ ಹಾಲು ಕರೆದಿಟ್ಟು ಎಮ್ಮೆಯ ಕೆಳಗೆ ಕೂತಿದ್ದಳು. ತನುಶ್ರೀ ಮೂಲೆಯಲ್ಲಿ ನಿಂತಿದ್ದಳು, ಮುಖ ಕೊಡಲಿಲ್ಲ.

"ಮೊನ್ನೆ ನಾನು ಹಂಗೆ ಕೇಳಬಾರದಿತ್ತು ಕಣಮ್ಮ" ಎಂದರು ಪದ್ಮಮ್ಮ. "ಇವತ್ತು ಕ್ಯಾನು ನಾನು ಹಿಡ್ಕೋತೀನಿ. ನೀನು ಸುಮ್ನೆ ಜೊತೆಗೆ ಬಾ. ಬೇಡ ಅನ್ನಿಸಿದ್ರೆ ದಾರೀಲೇ ನಿಂತ್ಕೋ."

ದೊಡ್ಡವರು ಹೀಗೆ ಮಾತಾಡುವುದನ್ನು ಹುಡುಗಿ ಕೇಳಿರಲಿಲ್ಲವೋ ಏನೋ, ಹಿಂದೆ ಹಿಂದೆ ಬಂದಳು. ತೋಟದ ಕಾಲುವೆ ದಾಟುವಾಗ ತಾನಾಗಿಯೇ ನಿಂತಳು.

"ಇಲ್ಲೇ ಮಿಸ್ ನಾನು ಬಿದ್ದಿದ್ದು. ಅರ್ಧ ಚೆಲ್ಲೋಯ್ತು. ಅಮ್ಮ ಬೈತಾಳೆ ಅಂತ ಆ ನಲ್ಲೀಲಿ ನೀರು ತುಂಬಿಸ್ದೆ. ಅವತ್ತೊಂದೇ ದಿನ." ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು. "ನೀರು ಹಾಕಿದ್ದು ನಿಜಾನೇ ಮಿಸ್. ಅದಕ್ಕೇ ಯಾರಿಗೂ ತಿರುಗಿ ಏನೂ ಅನ್ನಕ್ಕಾಗಲ್ಲ."

ಪದ್ಮಮ್ಮ ಕ್ಯಾನನ್ನು ಕೈ ಬದಲಿಸಿಕೊಂಡು, "ಭಾರ ಇದೆಯಲ್ಲೇ ಇದು, ದಿನಾ ಹೆಂಗೆ ಹೊರ್ತಿದ್ದೆ?" ಎಂದಷ್ಟೇ ಕೇಳಿದರು.

ಡೈರಿಯ ಮುಂದಿನ ಲೈಟುಕಂಬದ ಹತ್ತಿರ ತನುಶ್ರೀ ನಿಂತುಬಿಟ್ಟಳು. ಪದ್ಮಮ್ಮ ಒಬ್ಬರೇ ಸಾಲು ಸೇರಿದರು. ಮುಂದೆ ಆವಲಪ್ಪ, ಹಿಂದೆ ಕ್ಯಾನು ಹಿಡಿದ ಮುನೇಶ. ಅವರನ್ನು ಕಂಡು ಗಂಗುಲಪ್ಪನಿಗೆ ಹಬ್ಬ. "ಓಹೋ, ಮೇಡಂ ರಿಟೈರ್ ಆಗಿ ಹಸು ಕಟ್ಟಿದ್ರಾ?" ಎಂದ, ಸಾಲು ನಕ್ಕಿತು. ಅಷ್ಟರಲ್ಲಿ ಅವನ ಕಣ್ಣು ಕಂಬದ ಕಡೆ ಹೋಯಿತು. ಹುಡುಗಿಯನ್ನು ಕಂಡದ್ದೇ, ಅವನ ಕೈ ತಾನೇ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ಮೇಜಿನ ಹಿಂದೆ, ಬೇರೆಯಾಗಿ, ಹೊಳೆಯುವ ಒಂದು ಕ್ಯಾನು ಇತ್ತು.

"ಅದು ಯಾರದು?" ಎಂದು ಪದ್ಮಮ್ಮ ಕೇಳಿದರು.

"ನಮ್ಮನೇದು ಮೇಡಂ."

"ಹೌದಾ? ನಿಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಯಾರು ಹಾಕ್ತಾರೆ?"

ಇದರಲ್ಲಿ ಹುನ್ನಾರವೇನೂ ಇರಲಿಲ್ಲ. ಆಣೆ ಮಾಡಿ ಹೇಳಬಹುದು, ಕೋಳಿ ಮೊಟ್ಟೆಗೋ ಹರಕೆಗೋ ಎಂದು ಕೇಳುವ ಹಾಗೆಯೇ ಕೇಳಿದ್ದರು. ಆದರೆ ಸಾಲು ಗಪ್‌ಚಿಪ್ ಆಯಿತು. ಇಷ್ಟು ವರ್ಷ ದಿನಕ್ಕೆರಡು ಸಲ ಅಲ್ಲಿ ನಿಂತವರಿಗೆ ಯಾರಿಗೂ ಈ ಪ್ರಶ್ನೆ ಬಂದಿರಲಿಲ್ಲ, ಅಥವಾ ಬಂದಿದ್ದರೂ ನುಂಗಿಕೊಂಡಿದ್ದರು.

"ನಾನೇ ನೋಡ್ಕೋತೀನಿ ಮೇಡಂ, ಮನೇಲೇ" ಎಂದ ಗಂಗುಲಪ್ಪ.

"ಇವತ್ತು ಇಲ್ಲೇ ನೋಡಣ ಬಿಡು" ಎಂದ ಆವಲಪ್ಪ, ತಣ್ಣಗೆ. ಕೊಳವೆಯನ್ನು ತಾನೇ ಎತ್ತಿಕೊಂಡ. ಯಾರೋ ಹೊಳೆಯುವ ಕ್ಯಾನನ್ನು ಮೇಜಿನ ಮೇಲಿಟ್ಟರು. ಸಾಲು ಮುರಿದು ಎಲ್ಲರೂ ಸುತ್ತುಗಟ್ಟಿದರು. ಕೊಳವೆ ಹಾಲಿನಲ್ಲಿ ಮುಳುಗಿ, ಎದ್ದು, ತೂಗಾಡಿತು. ಅದು ನಿಲ್ಲುವಷ್ಟರಲ್ಲಿ ಗಂಗುಲಪ್ಪನ ಹಣೆಯ ಮೇಲೆ ಬೆವರು. ಅವನಿಗೆ ಗೊತ್ತು, ಅವನ ಹಾಲು ಚೊಕ್ಕ. ಆದರೂ ಬೆವೆತ.

"ಸರಿಯಾಗೈತೆ" ಎಂದ ಆವಲಪ್ಪ. ನಿಜಕ್ಕೂ ಒಳ್ಳೆಯ ಹಾಲು, ಗಟ್ಟಿ ಹಾಲು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನಿಂದ ಮುನೇಶ, ಅಭ್ಯಾಸಬಲ ನೋಡಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಗಾಳಿಯಲ್ಲಿ ಇಳಿಸಿ ಒಂದು ಕಣ್ಣು ಮುಚ್ಚಿದ. ಊರಿಗೆ ಊರೇ ಘೊಳ್ಳೆಂದಿತು.

"ಸರಿಯಾಗೈತಲ್ರೋ! ನೋಡ್ರೋ, ಡಿಗ್ರಿ ಸರಿಯಾಗೈತೆ!" ಎಂದು ಗಂಗುಲಪ್ಪ ಕೂಗಿದ. ಅವನು ಕೂಗಿದಷ್ಟೂ ನಗು ಹೆಚ್ಚಾಯಿತು. ಕಿವಿ ಕೆಂಪಾಗಿ, ಎಲ್ಲಿ ನೋಡಬೇಕೋ ತಿಳಿಯದೆ ಮೇಜು ಒರೆಸತೊಡಗಿದ. ಸುಧೀಂದ್ರ ಕೂಡ ನಗುತ್ತಿದ್ದ. ಪದ್ಮಮ್ಮ ನಗಲಿಲ್ಲ. ಹುಲ್ಲಿನ ಹೊರೆ ಹೊತ್ತು ಹೊರಟುಹೋದ ಹುಡುಗಿಯ ಬೆನ್ನು ಅವರಿಗೆ ನೆನಪಾಯಿತು. ಅವನು ಪೆನ್ನಿನಿಂದ ಮಾಡಿದ್ದನ್ನೇ ನಾನು ಬಾಯಿಂದ ಮಾಡಿದೆನಲ್ಲ ಎಂದುಕೊಂಡರು. ನಿಲ್ಲಿಸಿ ಎನ್ನಬೇಕೆಂದು ಬಾಯಿ ತೆರೆದರೆ ಆ ಗದ್ದಲದಲ್ಲಿ ಕೇಳುವವರು ಯಾರು?

ಆಗ ಅವರ ಕೈಯಿಂದ ಯಾರೋ ಕ್ಯಾನು ತೆಗೆದುಕೊಂಡರು. ತನುಶ್ರೀ. ಜನರ ಮಧ್ಯೆ ನುಗ್ಗಿ ಮುಂದೆ ಹೋದಳು, ಹೊಳೆಯುವ ಕ್ಯಾನನ್ನು ಪಕ್ಕಕ್ಕೆ ಸರಿಸಿ ತನ್ನ ಕ್ಯಾನನ್ನು ಮೇಜಿನ ಮೇಲೆ ಟಣ್ ಎಂದು ಇಟ್ಟಳು.

"ಗಂಗುಲಣ್ಣಾ, ನಮ್ಮದು ನೋಡು. ಹೊತ್ತಾಯ್ತು."

ಅವಳು ನಗುತ್ತಿರಲಿಲ್ಲ. ಅವಳನ್ನು ಕಂಡವರದು ಒಬ್ಬೊಬ್ಬರದೇ ನಗು ನಿಂತಿತು. ಮುನೇಶನ ಪೆನ್ಸಿಲ್ ಜೇಬಿಗೆ ಹೋಯಿತು. ಗಂಗುಲಪ್ಪ ಕೊಳವೆ ಇಳಿಬಿಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ, ಎರಡೂ ಕಣ್ಣು ಬಿಟ್ಟುಕೊಂಡೇ ಬಗ್ಗಿ ನೋಡಿದ. ಮೆಲುದನಿಯಲ್ಲಿ ಡಿಗ್ರಿ ಹೇಳಿ, ಜೇಬಿನಿಂದ ಪೆನ್ನು ತೆಗೆದ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು. ಪುಸ್ತಕದಲ್ಲಿ ಬರೆದುಕೊಂಡು ಪೆನ್ನನ್ನು ಮತ್ತೆ ಜೇಬಿಗೇ ಸಿಕ್ಕಿಸಿದ.

"ಚೀಟಿ ಓದಿದ ದಿನ ನೀನು ಇಲ್ಲೇ ನಿಂತಿದ್ದೆ ಅಲ್ವೇನಮ್ಮ?" ಎಂದ, ತಲೆ ಎತ್ತದೆ.

"ಹೂಂ" ಎಂದಳು. ಖಾಲಿ ಕ್ಯಾನು ತೆಗೆದುಕೊಂಡು ಹೊರಟಳು. ಎಮ್ಮೆ ಹಾಲು ಹಿಡಿದು ಆಗತಾನೆ ಬಂದ ಮಂಗಮ್ಮ, ಏನು ನಡೆಯಿತೆಂದು ತಿಳಿಯದೆ ಮಗಳ ಮುಖವನ್ನೇ ನೋಡುತ್ತಾ ನಿಂತಳು.

ಸಾಲು ಕರಗಿದ ಮೇಲೆ ಗಂಗುಲಪ್ಪ ಡಬ್ಬದ ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಪದ್ಮಮ್ಮನವರ ಮುಂದೆ ಇಟ್ಟ. "ಇದು ನಿಮ್ಮ ಹತ್ರಾನೇ ಇರ್ಲಿ ಮೇಡಂ. ನಂಗೆ ಬೇಡ." ಅವನ ದನಿಯಲ್ಲಿ ಸಿಟ್ಟೂ ಇತ್ತು, ನೋವೂ ಇತ್ತು.

"ನಾನು ಹಂಗೆ ಎಲ್ಲರ ಮುಂದೆ ಕೇಳಬಾರದಿತ್ತು ಗಂಗುಲಪ್ಪ" ಎಂದರು ಪದ್ಮಮ್ಮ. ಒಂದೇ ದಿನ ಎರಡನೇ ಸಲ ಆ ಮಾತು ಹೇಳುತ್ತಿದ್ದರು.

ಗಂಗುಲಪ್ಪ ಕೊಳವೆಯನ್ನು ಒರೆಸಿ ಮೇಜಿನ ಮೇಲಿಟ್ಟ. "ಹಾಲು ಸರಿಯಾಗೇ ಇತ್ತಲ್ಲ ಮೇಡಂ. ಆದ್ರೂ ಯಾಕೆ ನಕ್ಕರು?"

ಪದ್ಮಮ್ಮ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಸೋಮವಾರ ಅವರು ಹೆದರಿಕೊಂಡೇ ಶಾಲೆಗೆ ಹೋದರು. ಶಿಡ್ಲಘಟ್ಟದ ಬಸ್ಸು ಹೋಗಿಯಾಗಿತ್ತು. ಏಳನೇ ತರಗತಿಯ ಬಾಗಿಲಲ್ಲಿ ಬಗ್ಗಿ ನೋಡಿದರೆ, ಹುಡುಗಿಯರ ಸಾಲಿನ ಜಾಗ ತುಂಬಿತ್ತು. ಎರಡು ಜಡೆ, ತೊಳೆದ ಯೂನಿಫಾರಂ. ಪದ್ಮಮ್ಮ ಜಗಲಿಯ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡರು. ಅದನ್ನು ನೋಡಿದ ಹೆಡ್‌ಮಾಸ್ಟರಿಗೆ, "ಧೂಳು ಸಾರ್" ಎಂದರು.

ಜೊತೆಗೆ ಬಂದಿದ್ದ ಸುಧೀಂದ್ರ ಸಂಜೆಯವರೆಗೂ ಅವರ ಹಿಂದೆಯೇ ಸುತ್ತಿದ. ಪಾಪ, ಅವನಿಗೂ ಮೇಲಿನವರಿಗೆ ಏನಾದರೂ ಹೇಳಬೇಕಲ್ಲ. "ಮಿಸ್, ಒಂದೇ ಮಾತಿನಲ್ಲಿ ಹೇಳಿ. ಕಾರ್ಯಕ್ರಮ ಗೆದ್ದಿದೆಯೋ ಸೋತಿದೆಯೋ? ಗೌರಿಬಿದನೂರಿಗೆ ತಗೊಂಡು ಹೋಗಣವೋ ಬೇಡವೋ?"

"ಚೀಟೀನ ಡೈರೀಲಿ ಓದೋ ಹಂಗಿದ್ರೆ ಖಂಡಿತ ಬೇಡ. ಉಳಿದಿದ್ದು ನಾನು ಹೆಂಗಪ್ಪ ಹೇಳ್ಲಿ? ನಾನೇನು ಆ ಬೆಂಚಿನ ಮೇಲೆ ಕೂರ್ತೀನಾ?"

ಶಾಲೆ ಬಿಟ್ಟು ಮಕ್ಕಳು ಹೊರಗೆ ಬರುತ್ತಿದ್ದರು. ಪದ್ಮಮ್ಮ ತನುಶ್ರೀಯನ್ನು ಕರೆದು, ಯಾರೂ ಇಲ್ಲದ ಕಡೆ ಕರೆದುಕೊಂಡು ಹೋಗಿ, ಈ ಸಲ ಮೆಲ್ಲಗೆ ಕೇಳಿದರು. "ಹೆಂಗಿತ್ತಮ್ಮ ಇವತ್ತು?"

ಹುಡುಗಿ ಚೀಲವನ್ನು ಹೆಗಲಿನ ಮೇಲೆ ಸರಿ ಮಾಡಿಕೊಂಡು ಯೋಚಿಸಿದಳು. "ಇವತ್ತು ಯಾರೂ ಪೆನ್ಸಿಲ್ ಎತ್ತಲಿಲ್ಲ ಮಿಸ್" ಎಂದಳು. "ನಾಳೆ ನೋಡಣ."

ಪದ್ಮಮ್ಮ ಸುಧೀಂದ್ರನ ಹತ್ತಿರ ಬಂದು, "ಇವತ್ತು ಯಾರೂ ಪೆನ್ಸಿಲ್ ಎತ್ತಲಿಲ್ಲ, ನಾಳೆ ನೋಡಬೇಕು. ಅಷ್ಟೇ ಬರ್ಕೋ" ಎಂದರು. ಮಿಸ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವನು ನಕ್ಕ. ಅವರು ನಗದಿದ್ದುದನ್ನು ಕಂಡು ಪೆನ್ನು ತೆಗೆದ.

ಜಂಗಮಕೋಟೆಯಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಅವರ ಪಕ್ಕ ಕೂತವಳ ಚೀಲದೊಳಗೆ ಏನೋ ಅಲ್ಲಾಡುತ್ತಿತ್ತು. ಪದ್ಮಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಂಡಕ್ಟರನ್ನು ಕರೆದು, ನಾಳೆ ಈ ಕಡೆಗೆ ಬರುವ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.